ಪರವಾಗಿಲ್ಲ ಎನ್ನುತ್ತಿದ್ದ ಲೆಂಪಿ

ಲೆಂಪಿ ಕಿವೆಲ ಹುಟ್ಟಿದ್ದು ಸೌನಾದಲ್ಲಿ. ಮಿನೆಸೋಟದ ಕಬ್ಬಿಣದ ಗುಡ್ಡಗಳ ಕಡೆ, ವಲಸೆ ಬಂದ ಫಿನ್ನಿಷ್ ಜನರ ಮನೆಗಳಲ್ಲಿ, ಅವಳ ವಾರಗೆಯ ಎಷ್ಟೋ ಜನ ಹಾಗೆ ಹುಟ್ಟಿದವರೇ. ಅಂಗಳದಾಚೆ ಮರದ ದಿಮ್ಮಿಗಳಿಂದ ಕಟ್ಟಿದ, ಬೆವರು ಸ್ನಾನದ ಪುಟ್ಟ ಬಿಸಿಮನೆ, ಒಳಗೆ ಕಾದ ಕಲ್ಲು, ಹಂಡೆಯ ತುಂಬ ಬಿಸಿನೀರು. ಹೆರಿಗೆಗೆ ಅದಕ್ಕಿಂತ ಚೊಕ್ಕಟವಾದ ಜಾಗ ಇಡೀ ಹೊಲಮನೆಯಲ್ಲಿ ಇರಲಿಲ್ಲ. ಲೆಂಪಿಯನ್ನು ಹೆತ್ತ ಮಾರನೆಯ ಬೆಳಗ್ಗೆ ಅವಳ ತಾಯಿ ಬಕೆಟ್ಟು ಹಿಡಿದು ಹಸು ಕರೆಯಲು ಕೊಟ್ಟಿಗೆಗೆ ಹೊರಟಳಂತೆ. ಬೇಲಿಯ ಆಚೆಯಿಂದ ಪಕ್ಕದ ಮನೆಯಾಕೆ, "ಏನೇ, ಹೇಗಿದ್ದೀಯಾ?" ಎಂದು ಕೂಗಿದಳಂತೆ. ಅದಕ್ಕೆ ತಾಯಿ "ಪರವಾಗಿಲ್ಲ" ಎಂದಳಂತೆ. ಮಗಳು ಎದೆಹಾಲಿನ ಜೊತೆ ಕುಡಿದದ್ದು ಅದೇ ಮಾತನ್ನು.

ಗಂಡ ಸಿಕ್ಕಿದ್ದೂ ಅಂಥವನೇ. ಸುಲೊ ಕಿವೆಲ ಗಣಿಯಲ್ಲಿ ಅದಿರು ಪುಡಿಮಾಡುವ ಯಂತ್ರದ ಮುಂದೆ ಆಯುಷ್ಯ ಕಳೆದವನು. ಒಮ್ಮೆ ಯಂತ್ರದ ಪಟ್ಟಿಗೆ ಎಡಗೈ ಸಿಕ್ಕಿ ಕಿರುಬೆರಳು ಹೋಯಿತು. ನೆಟ್ಟಗೆ ಮೇಸ್ತ್ರಿಯ ಬಳಿ ನಡೆದುಹೋಗಿ, "ಇನ್ನೊಂದು ಕೈಗವಸು ಬೇಕಿತ್ತು, ಇದು ಹರಿದಿದೆ" ಎಂದನಂತೆ. ಮೇಸ್ತ್ರಿ ಆ ಕೈಗವಸನ್ನು ಇಸಿದುಕೊಂಡು, ಒಳಗೆ ಏನೋ ಉಳಿದಿದೆಯಲ್ಲ ಎಂದು ಕೊಡವಿ ನೋಡಿ ಅಲ್ಲೇ ಮೂರ್ಛೆ ಬಿದ್ದ. ಅವನ ಮುಖಕ್ಕೆ ನೀರು ಚಿಮುಕಿಸಿದವನೂ ಸುಲೊನೇ. ಗಣಿಯ ಊರುಗಳಲ್ಲಿ ಈ ಕತೆಯನ್ನು ಇಂದಿಗೂ ಹೇಳುತ್ತಾರೆ.

ಇಂಥವನು ಮದುವೆಯ ಮಾತೆತ್ತಿದ್ದಾದರೂ ಹೇಗೆ? ಸಹಕಾರ ಸಂಘದ ಸಭಾಂಗಣದಲ್ಲಿ ಕುಣಿತದ ದಿನ ಲೆಂಪಿ ಕಾಫಿ ಬಗ್ಗಿಸಿ ಕೊಟ್ಟಳು. ಸುಲೊ ಸಕ್ಕರೆ ಗಟ್ಟಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಕಾಫಿಯನ್ನು ತಟ್ಟೆಗೆ ಸುರಿದುಕೊಂಡು, ಸೊರ್ರನೆ ಎಳೆದು, ಬಹಳ ಹೊತ್ತು ಯೋಚಿಸಿ, "ಪರವಾಗಿಲ್ಲ" ಎಂದ. ಲೆಂಪಿಯ ಕಿವಿ ಕೆಂಪಾಯಿತು. ಅವಳಿಗೆ ಅಷ್ಟು ಸಾಕಾಗಿತ್ತು.

ಮಕ್ಕಳಾಗಲಿಲ್ಲ. ಅವಳು ಊರ ಶಾಲೆಯ ಅಡುಗೆಮನೆಯಲ್ಲಿ ದುಡಿದಳು, ಅವನು ಗಣಿಯಲ್ಲಿ. ಹೌಕಿ ಕೆರೆಯ ದಂಡೆಯಲ್ಲಿ ಒಂದು ಮನೆ ಕಟ್ಟಿದರು. ಮನೆ ಏಳುವ ಮೊದಲು ಸೌನಾ ಎದ್ದಿತು. ಮನೆ ಇಲ್ಲದೆ ಒಂದು ಚಳಿಗಾಲ ಕಳೆಯಬಹುದು, ಶನಿವಾರದ ಸೌನಾ ಇಲ್ಲದೆ ಹೇಗೆ?

ಈ ದಂಪತಿ ಬಾಯಿಬಿಟ್ಟು ಒಬ್ಬರಿಗೊಬ್ಬರು ಕೊಟ್ಟ ಮಾತು ಒಂದೇ ಒಂದು. ಸುಲೊನ ತಂದೆ ಡುಲೂತ್ ನಗರದ ದೊಡ್ಡ ಆಸ್ಪತ್ರೆಯಲ್ಲಿ ಸತ್ತಿದ್ದ. ಕೋಣೆ ಖಾಲಿಯಿಲ್ಲವೆಂದು ಓಡಾಡುವ ದಾರಿಯಲ್ಲೇ ಮಂಚ ಹಾಕಿ, ಸುತ್ತ ಪರದೆ ಎಳೆದಿದ್ದರು. ಮುದುಕ ಕೊನೆಯ ದಿನವೆಲ್ಲ, "ಕೆರೆ ಯಾವ ಕಡೆಗಿದೆ? ನನ್ನನ್ನ ಕೆರೆ ಕಡೆ ತಿರುಗಿಸಿ" ಎಂದು ಕೇಳುತ್ತಲೇ ಹೋದ. ಮಣ್ಣು ಮಾಡಿ ಹಿಂದಿರುಗುವಾಗ ಸುಲೊ ಕಾರು ನಿಲ್ಲಿಸಿ ಹೇಳಿದ್ದ: "ನನ್ನನ್ನ ಅಲ್ಲಿಗೆ ಕಳಿಸ್ಬೇಡ."

"ಕಳಿಸಲ್ಲ," ಎಂದಿದ್ದಳು ಲೆಂಪಿ. ಮುಗಿಯಿತು. ಎರಡನೆಯ ಸಲ ಆ ಮಾತು ಬರಲಿಲ್ಲ.

ನಿವೃತ್ತನಾದ ಮೇಲೆ ಸುಲೊನಿಗೆ ಉಸಿರು ಕಟ್ಟತೊಡಗಿತು. ಶ್ವಾಸಕೋಶದ ಹೊದಿಕೆಗೆ ಕ್ಯಾನ್ಸರು, ಎಂದರು ವೈದ್ಯರು. ಮಾಡುವುದು ಇನ್ನೇನೂ ಉಳಿದಿಲ್ಲ ಎಂದೂ ಅಂದರು. ಆಗ ಮನೆಗೆ ಬಂದದ್ದು ಹಾಸ್ಪಿಸ್. ವಾಸಿಯಾಗದವರನ್ನು ಅವರ ಮನೆಯಲ್ಲೇ, ಆದಷ್ಟು ನೋವಿಲ್ಲದೆ, ಕೊನೆಯವರೆಗೂ ನೋಡಿಕೊಳ್ಳುವ ತಂಡ ಅದು. ತಲೆಯ ಕಡೆ ಎತ್ತರಿಸಬಹುದಾದ ಮಂಚ ಬಂತು. ಗುಂಯ್ ಎನ್ನುವ ಆಕ್ಸಿಜನ್ ಯಂತ್ರ ಬಂತು. ನಾಲಿಗೆಯ ಕೆಳಗೆ ಬಿಡುವ ಮಾರ್ಫಿನ್ ಹನಿ ಬಂತು. ಸ್ನಾನ ಮಾಡಿಸಲು ವಾರಕ್ಕೆರಡು ಸಲ ಒಬ್ಬ ಸಹಾಯಕಿ ಬಂದಳು. ಇವೆಲ್ಲದರ ಮೇಲೆ ನರ್ಸ್ ಫ್ರಾನ್ಸಿ ಜುಪಾನ್ ಬಂದಳು.

ಫ್ರಾನ್ಸಿ ಸ್ಲೊವೇನಿಯದವರ ಮನೆ ಹುಡುಗಿ. ಅವಳ ಜನರಿಗೆ ತಲೆನೋವು ಬಂದರೆ ಇಡೀ ಬೀದಿಗೆ ಗೊತ್ತಾಗಬೇಕು. ಬಾಗಿಲು ತೆರೆಯುತ್ತಲೇ ಅವಳ ದೂರು ಶುರು: ರಸ್ತೆ ಸರಿಯಿಲ್ಲ, ಕಾರಿನ ಹೀಟರ್ ಕೆಟ್ಟಿದೆ, ಗಂಡ ಬೇಟೆಗೆ ಹೋದವನು ಬರಿಗೈಲಿ ಬಂದ.

"ಸುಲೊ, ನೀವಾದ್ರೂ ಒಂದ್ಸಲ ಗೊಣಗಿ ಮಾರಾಯ್ರೇ. ಈ ಮನೇಲಿ ನಾನೊಬ್ಳೇ ಗೊಣಗಿ ಗೊಣಗಿ ಸುಸ್ತಾಯ್ತು."

ಸುಲೊ ಕೆರೆಯ ಕಡೆ ನೋಡುತ್ತ ಹೇಳುತ್ತಿದ್ದ: "ನಿನ್ನ ಪಾಲೂ ನನ್ನ ಪಾಲೂ... ನೀನೇ ಮುಗಿಸ್ತಿದ್ದೀಯಲ್ಲ ಹುಡ್ಗಿ."

ಫ್ರಾನ್ಸಿಯ ಆರೈಕೆ ಚೆನ್ನಾಗಿತ್ತು. ನೋವು ಹಿಡಿತಕ್ಕೆ ಬಂದು ಸುಲೊ ಕಿಟಕಿಯ ಬಳಿ ಕೂರತೊಡಗಿದ, ಆಲೂಗಡ್ಡೆ ಹಾಕಿದ ಮೀನಿನ ಸಾರು ಎರಡು ಸೌಟು ಇಳಿಯಿತು. ಗಡ್ಡ ಬೋಳಿಸಿದಾಗ ಹಳೆಯ ಸುಲೊನ ಮುಖ ಕಾಣಿಸಿತು. ಕೆಟ್ಟದ್ದು ಹುಟ್ಟಿದ್ದೂ ಅಲ್ಲಿಂದಲೇ ನೋಡಿ.

ಸುಲೊನಿಗೆ ಅರವತ್ತೈದು ತುಂಬಿದ್ದರೆ ಮುದುಕರಿಗೆ ಸರ್ಕಾರ ಕೊಡುವ ವಿಮೆ ಸಿಗುತ್ತಿತ್ತು. ಅದಕ್ಕಿನ್ನೂ ಎರಡು ವರ್ಷ ಬಾಕಿ. ಅಲ್ಲಿಯವರೆಗೆ ಗಣಿಯವರು ಕೊಟ್ಟ ನಿವೃತ್ತರ ವಿಮೆಯೇ ಗತಿ. ಆ ವಿಮೆಯನ್ನು ಆ ವರ್ಷ ದೂರದ ಬಿಸಿಲೂರಿನ ಒಂದು ಕಂಪನಿಗೆ ಒಪ್ಪಿಸಿದ್ದರು. ಯಾರಿಗೆ ಯಾವ ಆರೈಕೆ, ಎಷ್ಟು, ಎಲ್ಲಿಯವರೆಗೆ ಎಂದು ಅಳೆದು ಕೊಡುವುದೇ ಕಂಪನಿಯ ಕೆಲಸ. ಮೊದಲು ಊರ ವೈದ್ಯರು "ಬೇಕು" ಎಂದರೆ ಸಾಕಿತ್ತು. ಈಗ ವೈದ್ಯರು ಬೇಕು ಎಂದದ್ದನ್ನು ಕಂಪನಿಯೂ ಬೇಕು ಎನ್ನಬೇಕು. ಹದಿನೈದು ದಿನಕ್ಕೊಮ್ಮೆ ಅಲ್ಲಿಂದ ಡೆನೀಸ್ ಎಂಬಾಕೆ ಫೋನು ಮಾಡುತ್ತಿದ್ದಳು. ಜೇನಿನಂಥ ದನಿ. ಸುಲೊನಿಗೆ ಮಾತಿಗೆ ಉಸಿರು ಸಾಲದು, ಹಾಗಾಗಿ ಫೋನು ಎತ್ತುತ್ತಿದ್ದವಳು ಲೆಂಪಿ.

"ಮಿಸೆಸ್ ಕಿವೆಲ, ನಿಮ್ಮ ಯಜಮಾನ್ರು ಹೇಗಿದ್ದಾರೆ?"

"ಪರವಾಗಿಲ್ಲ."

"ಊಟ?"

"ಮೀನಿನ ಸಾರು ಸೇರುತ್ತೆ."

"ಮನೆಯಿಂದ ಆಚೆ ಹೋಗ್ತಾರಾ?"

"ಶನಿವಾರ ಶನಿವಾರ ಸೌನಾಕ್ಕೆ ಹೋಗ್ತಾನೆ."

"ಓಹೋ! ತುಂಬಾ ಸಂತೋಷ. ನಿಮಗೇನಾದ್ರೂ ತೊಂದರೆ, ಕಷ್ಟ?"

"ನಮ್ಮದೇನು ಬಿಡಿ. ನಮಗಿಂತ ಕಷ್ಟದಲ್ಲಿರೋರು ಬೇಕಾದಷ್ಟು ಜನ ಇದ್ದಾರೆ. ಅವರನ್ನ ನೋಡಿ ಮೊದಲು."

ಲೆಂಪಿ ಒಂದೂ ಸುಳ್ಳಾಡಿರಲಿಲ್ಲ. ಶನಿವಾರ ಸುಲೊ ಸೌನಾಕ್ಕೆ ಹೋಗುತ್ತಿದ್ದದ್ದು ನಿಜ. ಹೋಗುತ್ತಿದ್ದದ್ದು ಸೌದೆ ಎಳೆಯುವ ಜಾರುಬಂಡಿಯ ಮೇಲೆ, ಎರಡು ಕಂಬಳಿ ಸುತ್ತಿಸಿಕೊಂಡು, ಸಣ್ಣ ಆಕ್ಸಿಜನ್ ಸಿಲಿಂಡರನ್ನು ತೊಡೆಯ ಮೇಲೆ ಇಟ್ಟುಕೊಂಡು. ಹಗ್ಗ ಹೆಗಲಿಗೆ ಹಾಕಿಕೊಂಡು ಎಳೆಯುತ್ತಿದ್ದವಳು ಅವಳು. ಬಟ್ಟೆ ಕಳಚುವ ಹೊರಕೋಣೆಯಲ್ಲಿ, ಒಲೆಗೂ ಬೆಂಕಿಗೂ ದೂರ, ಸಿಲಿಂಡರು ಹಿಡಿದು ಬೆಂಚಿನ ಮೇಲೆ ಕೂತು ಅವನು ಸ್ನಾನದಲ್ಲಿ ಮೈಗೆ ಬಡಿದುಕೊಳ್ಳಲು ನೆನೆಸಿಟ್ಟ ಬರ್ಚ್ ಮರದ ಎಲೆಯ ವಾಸನೆ ತೆಗೆದುಕೊಳ್ಳುತ್ತಿದ್ದ. ಇದನ್ನೆಲ್ಲ ಪರಸ್ಥಳದ ಹೆಂಗಸಿಗೆ ಹೇಳಿಕೊಳ್ಳುವುದು ಅಂದರೇನು? ಅಂಗಿ ಬಿಚ್ಚಿ ಬೀದಿಯಲ್ಲಿ ನಿಂತ ಹಾಗೆ. ಊರಿನಲ್ಲಿ ಯಾರಾದರೂ ಅವಳ "ಪರವಾಗಿಲ್ಲ" ಕೇಳಿದ್ದರೆ ಅಂದೇ ಸಂಜೆ ಒಂದು ಪಾತ್ರೆ ಸಾರು ಹಿಡಿದು ಬಂದು, ಸೌದೆ ಒಡೆದುಕೊಟ್ಟು, ಏನೂ ಕೇಳದೆ ಹೋಗುತ್ತಿದ್ದರು. ಬಿಸಿಲೂರಿನ ಡೆನೀಸ್ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಂಡಳು.

ಫೆಬ್ರವರಿಯ ಒಂದು ಮಧ್ಯಾಹ್ನ ಫ್ರಾನ್ಸಿ ಬಂದಳು. ಅವತ್ತು ರಸ್ತೆಯ ದೂರಿಲ್ಲ, ಹೀಟರಿನ ದೂರಿಲ್ಲ. ಬೂಟು ಕಳಚದೆ ಅಡುಗೆಮನೆಗೆ ನುಗ್ಗಿದಳು. ಫಿನ್ನರ ಮನೆಯಲ್ಲಿ ಯಾರೂ ಬೂಟು ಹಾಕಿಕೊಂಡು ಒಳಗೆ ಬರುವುದಿಲ್ಲ. ನೆಲದ ಮೇಲೆ ಹಿಮದ ನೀರು ನಿಂತಿತು.

"ಏನಂದ್ರಿ ನೀವು ಅವರಿಗೆ?"

"ಯಾರಿಗೆ?"

"ಕಂಪನಿಯೋರಿಗೆ! ಸುಲೊ ಚೇತರಿಸ್ಕೊಳ್ತಿದ್ದಾರಂತೆ. ವಾರ ವಾರ ಸ್ನಾನಕ್ಕೆ ಅಂತ ಹೊರಗಡೆ ನಡ್ಕೊಂಡ್ ಹೋಗೋರಿಗೆ ಹಾಸ್ಪಿಸ್ ಯಾಕೆ ಅಂತಾರೆ. ತಿಂಗಳ ಕೊನೆಗೆ ನಿಲ್ಲಿಸ್ತಾರಂತೆ ಲೆಂಪಿ. ಮಂಚ, ಯಂತ್ರ, ಹನಿ, ನಾನು, ಎಲ್ಲಾ ವಾಪಸ್ಸು. ಉಸಿರು ಕಟ್ಟಿದ್ರೆ ಡುಲೂತ್ ಆಸ್ಪತ್ರೆಗೆ ಕರ್ಕೊಂಡ್ ಹೋಗಿ ಅಂತಾರೆ."

ಲೆಂಪಿ ಕಾಫಿ ಕೆಟಲಿನ ಹಿಡಿ ಬಿಡಲಿಲ್ಲ. "ನೀವು ನಿಲ್ಲಿಸ್ಬೇಡಿ ಫ್ರಾನ್ಸಿ. ನೀವು ಯಾವಾಗಿನ ಹಾಗೆ ಬನ್ನಿ. ಅವರು ಬೇಡ ಅಂದ್ರೆ ಅನ್ಲಿ."

ಫ್ರಾನ್ಸಿ ಕುರ್ಚಿ ಎಳೆದು ಕುಸಿದಳು. "ಬರ್ತಿದ್ದೆ. ಮೊದಲೆಲ್ಲಾ ಹಾಗೇ ಬರ್ತಿದ್ವಿ. ಎಲ್ಲೋ ಒಬ್ರಿಗೆ ವಿಮೆ ಇರ್ತಿರ್ಲಿಲ್ಲ, ಚರ್ಚಿನೋರು ಪ್ಯಾನ್‌ಕೇಕ್ ಮಾರಿ ಅವರ ಖರ್ಚು ನೋಡ್ಕೊಳ್ತಿದ್ರು. ಈಗ ನಮ್ಮ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಇಂಥಾ ಕಂಪನಿಗಳ ಕೈಯಲ್ಲಿ ಇರೋರು. ಅವರು ಒಂದು ಭೇಟಿ ಕತ್ತರಿಸಿದ್ರೆ ನಮ್ಮಲ್ಲಿ ಒಬ್ರ ಕೆಲಸ ಹೋಗುತ್ತೆ. ರಾತ್ರಿ ಕರೆಗೆ ಓಡ್ತಿದ್ದ ನರ್ಸನ್ನ ಆಗ್ಲೇ ಕಳಿಸಿದ್ದಾಯ್ತು. ಎಷ್ಟು ಪ್ಯಾನ್‌ಕೇಕ್ ಅಂತ ಮಾರೋಣ?" ಆಮೇಲೆ ದನಿ ಇಳಿಸಿದಳು. "ನನ್ನದೂ ತಪ್ಪಿದೆ ಕಣ್ರೀ. ವಾರಕ್ಕೊಮ್ಮೆ ನಂಗೂ ಫೋನ್ ಬರುತ್ತೆ. 'ನೋವು ಹಿಡಿತದಲ್ಲಿದೆ, ನೆಮ್ಮದಿಯಾಗಿದ್ದಾರೆ' ಅಂತ ಜಂಬದಿಂದ ಹೇಳ್ಕೊಂಡೆ. ನೆಮ್ಮದಿಯಾಗಿಡೋದೇ ನನ್ನ ಕೆಲಸ. ನೆಮ್ಮದಿಯಾಗಿದ್ದಾರಲ್ಲ, ಇನ್ನು ನೀನ್ಯಾಕೆ ಅಂತಾರೆ ಅವರು."

ಒಂದು ದಾರಿ ಇತ್ತು. ತಕರಾರು ಹಾಕಿದರೆ ಕಂಪನಿಯ ವೈದ್ಯರೊಬ್ಬರು ಒಮ್ಮೆ ಫೋನಿನಲ್ಲಿ ಮನೆಯವರ ಮಾತು ಕೇಳುತ್ತಾರೆ. ಗುರುವಾರ ಬೆಳಗ್ಗೆಗೆ ಗೊತ್ತುಮಾಡಿದ್ದೂ ಆಯಿತು.

"ನೀವೇ ಮಾತಾಡಿ," ಎಂದಳು ಲೆಂಪಿ.

"ನಾನು ಮಾತಾಡ್ತೀನಿ, ನಮ್ಮ ವೈದ್ಯರೂ ಮಾತಾಡ್ತಾರೆ. ಆದ್ರೆ ಅವರ ಹತ್ರ ಇರೋದು ನಿಮ್ಮ ಮಾತು. ನಿಮ್ಮ ಮಾತನ್ನ ನೀವೇ ಬದಲಾಯಿಸ್ಬೇಕು. ಎಲ್ಲಿ, ಒಂದ್ಸಲ ಹೇಳಿ ನೋಡೋಣ. ನಾನೇ ಆ ವೈದ್ಯ ಅಂದ್ಕೊಳ್ಳಿ." ಫ್ರಾನ್ಸಿ ಮರದ ಸೌಟನ್ನು ಕಿವಿಗಿಟ್ಟು ಗಂಟಲು ದಪ್ಪ ಮಾಡಿದಳು. "ಹೇಗಿದ್ದಾರಮ್ಮ ನಿಮ್ಮ ಯಜಮಾನ್ರು?"

ಲೆಂಪಿ ಬಾಯಿ ತೆರೆದಳು. "ಅಷ್ಟೇನೂ... ಚೆನ್ನಾಗಿಲ್ಲ ಅನ್ನೋ ಹಾಗೆ... ಪರವಾಗಿಲ್ಲ."

"ಅಯ್ಯೋ ದೇವರೇ! ನಮ್ಮಮ್ಮ ಆಗಿದ್ರೆ ಇಷ್ಟೊತ್ತಿಗೆ ನೆಲದ ಮೇಲೆ ಹೊರಳಾಡ್ತಿದ್ಲು. ಒಂದು ಸಲ ನರಳಿ ಲೆಂಪಿ, ಸುಮ್ನೆ ಒಂದು ಸಲ."

ಲೆಂಪಿ ಸಣ್ಣಗೆ ಕೆಮ್ಮಿದಳು. ಫ್ರಾನ್ಸಿಗೆ ನಗು ಬಂತು, ನಗುತ್ತ ನಗುತ್ತಲೇ ಕಣ್ಣು ಒದ್ದೆಯಾಯಿತು.

ಅವಳು ಹೋದ ಮೇಲೆ ಲೆಂಪಿ ನೆಲ ಒರೆಸಿದಳು. ಸುಲೊ ಮುಂದಿನ ಕೋಣೆಯಲ್ಲಿ ಕಿಟಕಿಯತ್ತ ಮುಖ ಮಾಡಿಕೊಂಡಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಅವಳನ್ನು ಹೆದರಿಸಿದ್ದು ಕಂಪನಿಯ ವೈದ್ಯನಲ್ಲ. ಫೋನು ಗೋಡೆಯ ಮೇಲಿತ್ತು, ಸುಲೊನ ಮಂಚಕ್ಕೆ ನಾಲ್ಕು ಹೆಜ್ಜೆ. ಅವಳು ಏನು ಹೇಳಿದರೂ ಅವನಿಗೆ ಕೇಳಿಸುತ್ತದೆ. ರೋಗ ಬಂದಂದಿನಿಂದ ಈ ಮನೆಯಲ್ಲಿ ಯಾರೂ ಸಾವು ಎಂದಿರಲಿಲ್ಲ. ಅವನು ಪರವಾಗಿಲ್ಲ ಎನ್ನುತ್ತಿದ್ದ, ಅವಳೂ ಅದನ್ನೇ ಎನ್ನುತ್ತಿದ್ದಳು. ಆ ಒಂದು ಮಾತನ್ನು ಎರಡು ತುದಿಯಲ್ಲಿ ಹಿಡಿದುಕೊಂಡೇ ಇಬ್ಬರೂ ಇಷ್ಟು ದೂರ ಬಂದಿದ್ದರು. ಅದನ್ನು ಕೈಬಿಟ್ಟರೆ ಅವನು ಬಿದ್ದುಹೋಗುತ್ತಾನೇನೋ. ಬಿಡದಿದ್ದರೆ ಡುಲೂತ್.

ಗುರುವಾರ ಅವಳು ಭಾನುವಾರದ ಉಡುಪು ತೊಟ್ಟಳು. ಅಭ್ಯಾಸಬಲ, ಸುಲೊನಿಗೂ ಗಡ್ಡ ಬೋಳಿಸಲು ಬಿಸಿನೀರು ತಂದಳು. ಬಾಗಿಲಲ್ಲಿ ನಿಂತಿದ್ದ ಫ್ರಾನ್ಸಿ ಹಣೆ ಚಚ್ಚಿಕೊಂಡಳು.

"ಫೋನಲ್ಲಿ ಗಡ್ಡ ಕಾಣಲ್ಲ ಲೆಂಪಿ!"

ಫೋನು ಬಡಿದುಕೊಂಡಿತು. ಲೆಂಪಿ ರಿಸೀವರು ಎತ್ತಿ, ಉದ್ದನೆಯ ತಂತಿಯನ್ನು ಎಳೆದುಕೊಂಡು, ಸಾಮಾನಿನ ಕೋಣೆಯೊಳಗೆ ನುಗ್ಗಿ ಬಾಗಿಲು ಮುಚ್ಚಲು ಹೊರಟಳು.

"ಲೆಂಪಿ," ಎಂದ ಸುಲೊ. ಉಸಿರೆಳೆದುಕೊಂಡ. "ಇಲ್ಲೇ... ಮಾತಾಡು."

ಅವಳು ನಿಂತಳು. ತಿರುಗಿ ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ, ತುದಿಯಲ್ಲಿ, ಕೂತಳು.

ಕಂಪನಿಯ ವೈದ್ಯನ ದನಿ ವಯಸ್ಸಾದ ದನಿ. ಫ್ರಾನ್ಸಿ ಮತ್ತು ಊರ ವೈದ್ಯರು ಮೊದಲೇ ತಮ್ಮ ಮಾತು ಮುಗಿಸಿದ್ದರು. "ಹೇಗಿದ್ದಾರಮ್ಮ ನಿಮ್ಮ ಯಜಮಾನ್ರು?" ಎಂದು ಕೇಳಿದ.

"ಪರವಾ..." ಎಂದು ನಾಲಿಗೆ ತಾನಾಗಿಯೇ ಹೊರಟಿತು. ಲೆಂಪಿ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿತ್ತು. ಫ್ರಾನ್ಸಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ಅವನು ಮಲಗೋದಿಲ್ಲ," ಎಂದಳು ಲೆಂಪಿ. ಸುಲೊನ ಕಡೆ ನೋಡದೆ, ಅವನ ಕೈಯಲ್ಲಿ ಇಲ್ಲದ ಕಿರುಬೆರಳಿನ ಜಾಗವನ್ನೇ ನೋಡುತ್ತ ಹೇಳಿದಳು. "ಮೊದಲ ಹಿಮ ಬಿದ್ದಾಗಿಂದ ಬೆನ್ನು ಹಾಸಿಗೆಗೆ ತಾಗಿಸಿಲ್ಲ. ಮಲಗಿದ್ರೆ ಮುಳುಗಿದ ಹಾಗಾಗುತ್ತೆ. ಕೂತೇ ನಿದ್ದೆ ಮಾಡ್ತಾನೆ. ಸೌನಾಕ್ಕೆ ನಡೆದು ಹೋಗಲ್ಲ. ನಾನು ಸೌದೆ ಬಂಡೀಲಿ ಎಳ್ಕೊಂಡ್ ಹೋಗ್ತೀನಿ. ಸೌದೆಗಿಂತ ಹಗುರ ಆಗಿದ್ದಾನೆ. ಕರವಸ್ತ್ರದಲ್ಲಿ ರಕ್ತ ಬರುತ್ತೆ. ನಂಗೆ ಗೊತ್ತಾಗ್ಬಾರ್ದು ಅಂತ ಒಲೆಗೆ ಹಾಕ್ತಾನೆ. ಬೂದಿ ತೆಗೆಯೋಳು ನಾನೇ ಅಲ್ವಾ, ಸುಟ್ಟ ಬಟ್ಟೆ ಚೂರು ಸಿಗುತ್ತೆ. ಸಿಕ್ಕಿಲ್ಲ ಅನ್ನೋ ಹಾಗೆ ಇದ್ದೆ."

ಸುಲೊನ ಕೈ ಕಂಬಳಿಯ ಮೇಲೆ ಒಮ್ಮೆ ಅಲುಗಿತು.

"ಮುಂಚೆ ಆ ಹೆಂಗಸಿಗೆ ಪರವಾಗಿಲ್ಲ ಅಂದೆ. ನಾವು ಹಾಗೇ ಅನ್ನೋದು ಸಾರ್. ಕಾಲು ಮುರಿದ್ರೂ ಹಾಗೇ ಅನ್ನೋದು. ನನ್ನ ಗಂಡ ಸಾಯ್ತಿದ್ದಾನೆ." ಆ ಮಾತು ಕೋಣೆಯಲ್ಲಿ ಬಿತ್ತು. ಏನೂ ಒಡೆಯಲಿಲ್ಲ. "ಅವನನ್ನ ಡುಲೂತಿಗೆ ಕಳಿಸಲ್ಲ ಅಂತ ಮಾತು ಕೊಟ್ಟಿದ್ದೀನಿ. ಈ ಯಂತ್ರ, ಈ ಹನಿ, ಈ ಹುಡುಗಿ ಇಲ್ದೆ ಹೋದ್ರೆ ಮಾತು ಉಳಿಸ್ಕೊಳ್ಳೋಕೆ ನನ್ನಿಂದಾಗಲ್ಲ. ನನ್ನಿಂದ ಆಗಲ್ಲ ಅಂತ ಯಾರ ಹತ್ರಾನೂ ಹೇಳಿದೋಳಲ್ಲ ನಾನು. ಈಗ ಹೇಳ್ತಿದ್ದೀನಿ."

ಸುಲೊ ಅಂಗೈ ಚಾಚಿದ. ಫೋನು ಕೇಳುತ್ತಿದ್ದಾನೆಂದು ಅವಳಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಕೊಟ್ಟಳು. ಅವನು ರಿಸೀವರನ್ನು ಕಿವಿಗೆ ಹಿಡಿಯಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲೆ ಇಟ್ಟುಕೊಂಡ. ಹರಿದ ತಿದಿಯ ಹಾಗೆ ಎದೆ ಏಳುತ್ತಿತ್ತು, ಬೀಳುತ್ತಿತ್ತು. ಆಮೇಲೆ ಬಾಯಿಯ ಹತ್ತಿರ ತಂದು ಕೇಳಿದ: "ಕೇಳಿಸ್ತಾ?"

"ಕೇಳಿಸ್ತು ಮಿಸ್ಟರ್ ಕಿವೆಲ," ಎಂದಿತು ವಯಸ್ಸಾದ ದನಿ.

ಸಂಜೆಯ ಹೊತ್ತಿಗೆ ತೀರ್ಮಾನ ಬಂತು. ಹಾಸ್ಪಿಸ್ ಮುಂದುವರಿಯಬಹುದು. ಮಂಚ, ಯಂತ್ರ, ಹನಿ ಇರಬಹುದು, ನರ್ಸ್ ಬರಬಹುದು. ಸ್ನಾನದ ಸಹಾಯಕಿಗೆ ಮಾತ್ರ ಒಪ್ಪಿಗೆ ಇಲ್ಲ, ಅದನ್ನು ಮನೆಯವರೇ ಮಾಡಬಹುದು ಎಂದರು. ಫ್ರಾನ್ಸಿಗೆ ಸಿಟ್ಟು ನೆತ್ತಿಗೇರಿತು. "ಆ ಹುಡುಗಿಗೆ ಇದ್ದದ್ದೇ ಮೂರು ಮನೆ. ಇನ್ನು ಅವಳೂ ಹೋದ ಹಾಗೇ. ಎಲ್ಲಾ ಕೊಟ್ಟು ಕೊನೇಲಿ ಒಂದು ಚಿವುಟದೆ ಇದ್ರೆ ಅವರಿಗೆ ನಿದ್ದೆ ಬರಲ್ಲ."

"ಸ್ನಾನ ನಾನು ಮಾಡಿಸ್ತೀನಿ," ಎಂದಳು ಲೆಂಪಿ. "ನಾನು ಯಾವತ್ತೋ ಮಾಡ್ಬೇಕಿತ್ತು."

ಆ ರಾತ್ರಿ ಅವಳು ಬೂದಿ ತೆಗೆಯುವಾಗ ಸುಲೊ ಹೇಳಿದ: "ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನೀನು ಸೌನಾದ ಹೊರಕೋಣೇಲಿ... ಅಳೋದು... ನಂಗೂ ಗೊತ್ತಿತ್ತು."

ಲೆಂಪಿ ಬೂದಿಯ ಬಕೆಟ್ಟು ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರು ಎಂಬುದು ಅವರಿಗೇ ಇರಲಿ.

ಅಂದಿನಿಂದ ಮನೆಯಲ್ಲಿ ಹೊಸ ರೀತಿ ಬಂತು. ಅವಳು "ನೋವಿದೆಯಾ?" ಎಂದು ಕೇಳುವಳು. "ಇದೆ" ಎನ್ನುವನು. ಅವಳು ಹನಿ ಬಿಡುವಳು. "ಹೆದರಿಕೆ ಆಗ್ತಿದ್ಯಾ?" "ಸ್ವಲ್ಪ." ಅವಳು ಕೈ ಹಿಡಿಯುವಳು. ಶನಿವಾರ ಸೌನಾದ ಒಲೆ ಕಾಯಿಸಿ, ಆರಲು ಬಿಟ್ಟು, ಬೆಚ್ಚಗಿನ ಹದಕ್ಕೆ ಬಂದಾಗ ಅವನನ್ನು ಬಂಡಿಯಲ್ಲಿ ಎಳೆದು ತಂದು, ಬೆಂಚಿನ ಮೇಲೆ ಕೂರಿಸಿ, ಬೆನ್ನಿಗೆ ನೀರು ಹೊಯ್ಯುವಳು. ಒಂದು ಶನಿವಾರ ಫ್ರಾನ್ಸಿಯೂ ಹಗ್ಗಕ್ಕೆ ಕೈ ಹಾಕಿದಳು. ದಾರಿಯುದ್ದಕ್ಕೂ ಸೊಂಟನೋವಿನ ದೂರು.

"ಇಳಿದು ನಾನೇ ಎಳೀಲಾ?" ಎಂದ ಬಂಡಿಯ ಮೇಲಿದ್ದ ಸುಲೊ.

ಕೆರೆಯ ಮಂಜುಗಡ್ಡೆ ಬಿರಿದು ನೀರು ಕಾಣಿಸಿದ ವಾರ ಅವನು ಹೋದ. ಕಿಟಕಿಯ ಕಡೆ ಮುಖ ಮಾಡಿ, ಕೂತಂತೆಯೇ. ಫ್ರಾನ್ಸಿ ಬಂದು ನಾಡಿ ನೋಡಿ, ಹೊತ್ತು ಬರೆದು, ಯಂತ್ರ ಆರಿಸಿದಳು. ಆ ಗುಂಯ್ ನಿಂತಾಗ ಮನೆ ಎಷ್ಟು ದೊಡ್ಡದೆಂದು ಲೆಂಪಿಗೆ ಗೊತ್ತಾಯಿತು. ಹಳೆಯ ಕಾಲದಲ್ಲಿ ಸತ್ತವರನ್ನು ತೊಳೆಯುತ್ತಿದ್ದದ್ದೂ ಸೌನಾದಲ್ಲೇ. ಅಲ್ಲಿಗೇ ಒಯ್ಯೋಣ ಎಂದಳು ಲೆಂಪಿ, ಫ್ರಾನ್ಸಿ ಏನೂ ಕೇಳದೆ ಹಗ್ಗ ಹಿಡಿದಳು. ಹಿಮ ಕರಗಿ ಬಂಡಿ ಕೆಸರಿನಲ್ಲಿ ಕಚ್ಚಿಕೊಳ್ಳುತ್ತಿತ್ತು, ಇಬ್ಬರೂ ಎಳೆದರು. ಒಬ್ಬಳು ನೀರು ಹೊಯ್ದಳು, ಇನ್ನೊಬ್ಬಳು ಒರೆಸಿದಳು.

ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ ಫೋನು ಬಂತು. ಅದೇ ಜೇನಿನ ದನಿ, ಡೆನೀಸ್. ಸುದ್ದಿ ಅಲ್ಲಿಯವರೆಗೆ ಮುಟ್ಟಿರಲಿಲ್ಲ.

"ಮಿಸೆಸ್ ಕಿವೆಲ, ನಿಮ್ಮ ಯಜಮಾನ್ರು ಹೇಗಿದ್ದಾರೆ?"

"ಹೋದ ಕಣಮ್ಮ. ಇಲ್ಲೇ ಹೋದ, ಮನೇಲೇ. ಕೆರೆ ಕಾಣಿಸ್ತಿತ್ತು."

ಆ ಕಡೆ ಕಾಗದ ಸರಿಸಿದ ಸದ್ದು. ಆಮೇಲೆ ಓದಿ ಹೇಳುವ ದನಿಯಲ್ಲದೆ ಬೇರೆಯೇ ಒಂದು ದನಿಯಲ್ಲಿ ಕೇಳಿದಳು: "ನೀವು? ನೀವು ಹೇಗಿದ್ದೀರಿ?"

ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ರೂಢಿಯಂತೆ ಇಬ್ಬರಿಗಾಗುವಷ್ಟು ಇಟ್ಟಿದ್ದಳು. ಹಳೆಯ ಮಾತು ತುಟಿಯವರೆಗೆ ಬಂದು ಕೂತಿತ್ತು.

"ಚೆನ್ನಾಗಿಲ್ಲ," ಎಂದಳು ಲೆಂಪಿ. ಕಾಲಿನಿಂದ ಕುರ್ಚಿ ಎಳೆದುಕೊಂಡು ಕೂತಳು. "ನಿಂಗೆ ಪುರುಸೊತ್ತಿದ್ರೆ ಹೇಳ್ತೀನಿ."